ಬೀಗದ ಕೈ ಒಪ್ಪಿಸಿದ ಮೇಲೆ

ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲಿನ ಕೆಳಗೆ ಉಳಿದ ಜಾಗದಲ್ಲಿ ಒಂದು ಬೀಗದ ಅಂಗಡಿ ಇತ್ತು. ಅದರೊಳಗೆ ಒಬ್ಬರು ಕುಳಿತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಮೂಡದ ಬೀಗದ ಕೈಗಳು. ಯಂತ್ರದ ಮುಂದೆ ಬಗ್ಗಿ ಕುಳಿತ ಮನುಷ್ಯನ ಮುಂಗೈ ಕೂದಲಿಗೆ ಯಾವಾಗಲೂ ಹಿತ್ತಾಳೆಯ ಪುಡಿ ಮೆತ್ತಿಕೊಂಡಿರುತ್ತಿತ್ತು. ಮಕ್ಕಳಿಗೂ ಮುದುಕರಿಗೂ ಆತ ಬೀಗದಣ್ಣ. ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದೇ ಇದ್ದೀತು. ಬೀದಿಗೆ ಅದರ ಅಗತ್ಯ ಬೀಳಲಿಲ್ಲ.

ಮಾತಿನಲ್ಲಿ ಜಾಣ. ಒಮ್ಮೆ ಚಪ್ಪಲಿ ಅಂಗಡಿಯವನು, "ಅಣ್ಣಾ, ಮನೇಲಿ ಜಗಳ ಆಗಿದೆ, ಹೆಂಡ್ತಿ ಒಳಗಿಂದ ಚಿಲಕ ಹಾಕ್ಕೊಂಡಿದ್ದಾಳೆ, ಬಂದು ತೆಗೆದುಕೊಡು" ಎಂದು ಕರೆದನಂತೆ. "ಬೀಗ ಆದ್ರೆ ಬರ್ತೀನಪ್ಪ. ಚಿಲಕ ನಿನ್ನ ಬಾಯಿಂದ್ಲೇ ಬಿದ್ದಿದ್ದು, ಬಾಯಿಂದ್ಲೇ ತೆಗಿ" ಎಂದು ಈತ ಯಂತ್ರದಿಂದ ತಲೆ ಎತ್ತದೆ ಹೇಳಿದನಂತೆ.

ಕಸುಬಿನಲ್ಲಿ ಆತ ಎಂದೂ ತಪ್ಪದ ಒಂದು ಮರ್ಯಾದೆ ಇತ್ತು. ಯಾರದೇ ಮನೆಯ ಬೀಗ ತೆರೆದರೂ, ಬಾಗಿಲು ಸರಿದ ಕೂಡಲೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದ. ಒಳಗೆ ಕಣ್ಣು ಹಾಯಿಸುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ನಾಳೆ ಆ ಮನೆಯಲ್ಲಿ ಒಂದು ಚಮಚ ಕಾಣೆಯಾದರೂ ಮೊದಲ ಬೆರಳು ಬೀಗದವನ ಕಡೆಗೇ ಹೋಗುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಚಿಕ್ಕಪ್ಪ ಹೇಳಿಕೊಟ್ಟಿದ್ದ. ಆದ್ದರಿಂದಲೇ ಎಲ್ಲರೂ ಅವನನ್ನು ನಂಬುತ್ತಿದ್ದರು. ಒಂದು ಬ್ಯಾಂಕು ಕೂಡ ನಂಬಿತ್ತು. ಕಂತು ಕಟ್ಟಲಾಗದೆ ಮನೆಗೆ ಬೀಗ ಜಡಿದು ಹೋದವರ ಬಾಗಿಲು ತೆರೆಸಲು ಆ ಬ್ಯಾಂಕಿನ ವಸೂಲಿ ಅಧಿಕಾರಿ ಇವನನ್ನೇ ಕರೆಸುತ್ತಿದ್ದರು. ಆ ಅಧಿಕಾರಿಯ ಬಾಯಲ್ಲಿ ಸದಾ ಪೆಪ್ಪರಮಿಂಟು. ಹಾಗಾಗಿ ಬೀಗದಣ್ಣನ ಮನೆಯಲ್ಲಿ ಅವರು ಪೆಪ್ಪರಮಿಂಟು ಸಾಹೇಬರಾದರು. ಈತ ಹೋಗಿ, ಹಳೆಯ ಬೀಗ ಒಡೆಯದೆ ತೆರೆದು, ಬೆನ್ನು ತಿರುಗಿಸಿ ನಿಂತು, ಸಾಮಾನು ಪಟ್ಟಿಯಾದ ಮೇಲೆ ಹೊಸ ಬೀಗ ಹಾಕಿ, ಕೂಲಿ ಪಡೆದು ಬರುತ್ತಿದ್ದ.

"ಪಾಪ, ಓಡಿ ಹೋಗೋದ್ಯಾಕೆ?" ಎಂದು ಚಹಾ ಕುಡಿಯುತ್ತ ಶಾಲೆಯ ಮೇಷ್ಟ್ರುಗಳಾದ ನಮಗೆ ಹೇಳುತ್ತಿದ್ದ. "ಆಗಲಿಲ್ಲ ಅಂದ್ರೆ ಕೀ ತಗೊಂಡ್ಹೋಗಿ ಮೇಜಿನ ಮೇಲೆ ಇಟ್ಟು, ನಿಮ್ಮ ಮನೆ ನೀವೇ ಇಟ್ಕೊಳ್ಳಿ ಅಂತ ಹೇಳಿ ಬಂದ್ಬಿಟ್ರಾಯ್ತು. ಸಾಲಾನೂ ಹೋಯ್ತು, ಮಾನಾನೂ ಉಳೀತು."

ನಾವೂ ತಲೆದೂಗುತ್ತಿದ್ದೆವು. ಎಷ್ಟೋ ಬಾಡಿಗೆ ಮನೆಗಳಲ್ಲಿ ಬಾಳಿ ಬಂದವನು ಆತ. ಮನೆ ಬಿಡುವ ದಿನ ಬೀಗದ ಕೈ ಒಪ್ಪಿಸಿದರೆ ಮುಂಗಡ ಕೈಗೆ ಬಂತು, ಸಂಬಂಧ ಮುಗಿಯಿತು. ಅವನು ಕಂಡ ಲೋಕದಲ್ಲಿ ಬೀಗದ ಕೈ ಯಾರಲ್ಲಿದೆಯೋ ಮನೆಯ ಭಾರವೂ ಅವರದೇ. ಬ್ಯಾಂಕಿನ ಬಾಗಿಲುಗಳನ್ನು ತೆರೆದಾಗಲೂ ಅವನು ಕಂಡದ್ದು ಬಾಗಿಲಿನ ಹೊರಮುಖವನ್ನು ಮಾತ್ರ. ಆಮೇಲೆ ಆ ಸಂಸಾರಗಳಿಗೆ ಏನಾಯಿತು ಎನ್ನುವುದು ಅವನ ಬೆನ್ನ ಹಿಂದೆ ನಡೆದದ್ದು.

ಊರಿನ ಅಂಚಿನಲ್ಲಿ, ಬಸ್ಸು ತಿರುಗಿಸಿಕೊಳ್ಳುವ ಜಾಗದ ಬಳಿ, ಹೊಸದೊಂದು ಕಟ್ಟಡ ಎದ್ದಿತು. ಅದರ ಎಲ್ಲ ಬಾಗಿಲಿಗೂ ಬೀಗ ಕೂರಿಸುವ ಗುತ್ತಿಗೆ ಬೀಗದಣ್ಣನಿಗೆ ಸಿಕ್ಕಿತು. ಅವನ ಜೀವನದಲ್ಲೇ ದೊಡ್ಡ ಕೆಲಸ. ಒಂದು ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ತಂದಳು. ಗಂಡ ಮೂರನೆಯ ಮಹಡಿಯ ಮೂಲೆ ಮನೆಯ ಬಾಗಿಲಿಗೆ ರಂಧ್ರ ಕೊರೆಯುತ್ತಿದ್ದ. ಅವಳು ಡಬ್ಬಿ ಇಡಲು ಜಾಗ ಹುಡುಕುತ್ತ ಅಡುಗೆಮನೆಗೆ ಹೋದವಳು ಅಲ್ಲೇ ನಿಂತಳು. ಇಳಿಜಾರು ಸೂರಿನ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ತಲೆ ತಗ್ಗಿಸಿ ಒಲೆಯ ಮುಂದೆ ನಿಂತಿದ್ದ ಹೆಂಗಸು. ಇಲ್ಲಿ ಅಡುಗೆ ಕಟ್ಟೆ ಅವಳ ಮೊಣಕೈಗೆ ಸರಿಯಾಗಿ ಬರುತ್ತಿತ್ತು. ಅದರ ಮೇಲೆ ಎರಡೂ ಅಂಗೈ ಊರಿ, "ರೀ, ಇಲ್ಲಿ ನಿಂತ್ರೆ ಬೆನ್ನು ನೋಯೋದೇ ಇಲ್ಲ" ಎಂದಳು.

ಇಷ್ಟೇ. ಬೇಕು ಎನ್ನಲಿಲ್ಲ, ಕೊಡಿಸಿ ಎನ್ನಲಿಲ್ಲ. ಆದರೆ ಆ ಮಾತು, ಕಟ್ಟಡದ ಮನೆಗಳನ್ನು ಮಾರಿಸಿಕೊಡಲು ಓಡಾಡುತ್ತ ಬಾಗಿಲಲ್ಲಿ ನಿಂತಿದ್ದ ಬ್ರೋಕರನ ಕಿವಿಗೂ ಬಿತ್ತು.

"ಬಾಡಿಗೆ ಕೊಡೋದು ನೀರಿಗೆ ಹಾಕಿದ ಹಾಗೆ ಅಣ್ಣ. ಕಂತು ಕಟ್ಟೋದು ಗೋಡೆಗೆ ಹಾಕಿದ ಹಾಗೆ" ಎಂದ ಬ್ರೋಕರ್. "ಬಾಡಿಗೆ ಮೇಲೆ ಇನ್ನೊಂಚೂರು ಹಾಕಿದ್ರೆ ಮನೆ ನಿಂದೇ."

"ಒಂಚೂರು ಅಂದ್ರೆ ಎಷ್ಟಪ್ಪ?"

"ಅದನ್ನ ನನಗೆ ಬಿಡು."

ಆ ಒಂಚೂರು ಬಾಡಿಗೆಯ ಎರಡರಷ್ಟಕ್ಕಿಂತ ಜಾಸ್ತಿಯಾಯಿತು. ಮನೆಯ ಬೆಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಾಲ. ಉಳಿದ ಒಂದು ಪಾಲಿಗೂ ನೋಂದಣಿಗೂ ಕೂಡಿಟ್ಟದ್ದೆಲ್ಲ ಕರಗಿತು. ಸಂಪಾದನೆ ಎಷ್ಟು ಎಂಬಲ್ಲಿ ಬ್ರೋಕರನು, ಈ ದೊಡ್ಡ ಗುತ್ತಿಗೆಯಿಂದ ಬಂದ ತಿಂಗಳ ಹಣವನ್ನೇ ಎಲ್ಲ ತಿಂಗಳ ಹಣವೆಂಬಂತೆ ತೋರಿಸಿದ. ಬಡ್ಡಿ ಏರಿಳಿಯುವ ಬಡ್ಡಿ. "ಏರೋದೂ ಇಳಿಯೋದೂ ಕೊನೆಗೆ ಸಮ ಆಗತ್ತೆ ಬಿಡಣ್ಣ" ಎಂದು ಸಮಾಧಾನವನ್ನೂ ಹೇಳಿದ. ತಿಂಗಳ ಸಂಬಳವಿಲ್ಲದವನಿಗೆ ಇಷ್ಟು ಸಾಲ ಕೊಡಬೇಕಾದರೆ ಸಂಬಳದವರೊಬ್ಬರ ಜಾಮೀನು ಬೇಕು ಎಂದಿತು ಪೆಪ್ಪರಮಿಂಟು ಸಾಹೇಬರ ಬ್ಯಾಂಕು.

ಸಂಬಳದವರೆಂದು ಅವನಿಗಿದ್ದದ್ದು ಅಕ್ಕ ಒಬ್ಬಳೇ.

ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿದ್ದಳು. ಒಗೆದು ಬಂದ ಹಾಸಿಗೆ ಹೊದಿಕೆಗಳನ್ನು ಮಡಿಸಿ, ಯಾವ ವಾರ್ಡಿಗೆ ಎಷ್ಟು ಎಂದು ಕಟ್ಟು ಕಟ್ಟಿ ಕಳಿಸುವ ಕೆಲಸ. ಮದುವೆಯಾಗಲಿಲ್ಲ, ತಾಯಿ ತೀರಿಕೊಂಡಾಗ ಈ ತಮ್ಮನು ಇನ್ನೂ ಚಡ್ಡಿ ಹಾಕುವ ಹುಡುಗ, ಅವನನ್ನು ಸಾಕುವುದರಲ್ಲಿ ವಯಸ್ಸು ಸರಿದುಹೋಯಿತು. ಆಸ್ಪತ್ರೆಯ ಹಿಂದಿನ ನೌಕರರ ಸಾಲುಮನೆಯಲ್ಲಿ ಅವಳಿಗೊಂದು ಕೋಣೆ ಇತ್ತು. ನಿವೃತ್ತಿಯಾದ ದಿನವೇ ಅದನ್ನು ಬಿಡಬೇಕು. ಆಗ ಬರುವ ಇಡುಗಂಟಿನಲ್ಲಿ ಮಾರುಕಟ್ಟೆಯ ಹತ್ತಿರ ಒಂದು ಕೋಣೆಯನ್ನು ಭೋಗ್ಯಕ್ಕೆ ಹಿಡಿದು, ಯಾರ ಹಂಗೂ ಇಲ್ಲದೆ ಇದ್ದುಬಿಡುವುದು ಅವಳ ಲೆಕ್ಕ. ಕೋಣೆಯನ್ನು ನೋಡಿಯೂ ಇಟ್ಟಿದ್ದಳು. ಬೆಳಗಿನ ಬಿಸಿಲು ಬೀಳುತ್ತದೆ ಎಂದು ಹೇಳಿಕೊಂಡು ನಗುತ್ತಿದ್ದಳು.

ತಮ್ಮನು ಜಾಮೀನಿನ ಕಾಗದ ತಂದಾಗ ಅವಳ ತೋಳಿನ ಮೇಲೆ ಹೊದಿಕೆಗಳ ಕಟ್ಟಿತ್ತು.

"ಸೈನ್ ಎಲ್ಲಿ ಹಾಕ್ಬೇಕು ತೋರ್ಸೋ, ಹೆರಿಗೆ ವಾರ್ಡಿನವರು ಬೊಬ್ಬೆ ಹೊಡೀತಿದ್ದಾರೆ."

"ಒಂದ್ಸಲ ಓದಿ ನೋಡಕ್ಕ."

"ನೀನು ಓದಿದ್ಯೇನೋ?"

"ಬ್ರೋಕರ್ ಓದಿದ್ದಾನೆ."

"ಹಾಗಾದ್ರೆ ಸರಿ ಬಿಡು, ಕಲಿತವನು" ಎಂದು ನಕ್ಕು, ಕಟ್ಟನ್ನು ತಮ್ಮನ ಕೈಗೆ ಕೊಟ್ಟು, ತೋರಿಸಿದಲ್ಲೆಲ್ಲ ಸಹಿ ಹಾಕಿದಳು. ಜಾಮೀನುದಾರರ ವಿಳಾಸವೆಂಬಲ್ಲಿಯೂ ಬ್ರೋಕರನು ಸುಲಭಕ್ಕೆಂದು ಆ ಹೊಸ ಮನೆಯ ವಿಳಾಸವನ್ನೇ ಬರೆದಿದ್ದ. ಅದನ್ನು ಯಾರೂ ಗಮನಿಸಲಿಲ್ಲ.

ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ನಮ್ಮನ್ನು ಮನೆಗೆ ಕರೆದು ತೋರಿಸಿದಾಗ ಅವನ ಹೆಂಡತಿ ಅಡುಗೆ ಕಟ್ಟೆಯನ್ನು ಒರೆಸುತ್ತಲೇ ಮಾತನಾಡುತ್ತಿದ್ದಳು. ಒರೆಸಲು ಅಲ್ಲಿ ಏನೂ ಇರಲಿಲ್ಲ. ಆಮೇಲೆ ಬಡ್ಡಿ ಏರಿತು. ಮತ್ತೊಮ್ಮೆ ಏರಿತು. ಇಳಿಯುವುದನ್ನು ಕಾಯುತ್ತಿರುವಾಗಲೇ ಮೂರನೆಯ ಸಲವೂ ಏರಿತು. ಅದೇ ಕಾಲಕ್ಕೆ ಹೊಸ ಕಟ್ಟಡಗಳೆಲ್ಲ ಅಂಕಿ ಒತ್ತಿ ತೆರೆಯುವ ಬೀಗಗಳಿಗೆ ಮನಸೋತವು. ಅದಕ್ಕೆ ಕಂಪನಿಯವರೇ ಬಂದು ಕೂರಿಸಿ ಹೋಗುತ್ತಿದ್ದರು. ಬೀಗದಣ್ಣನಿಗೆ ಉಳಿದದ್ದು ಸೈಕಲ್ಲಿನ ಬೀಗ, ಶಾಲೆಯ ಬೀರು, ಮರೆತುಹೋದ ಬೀಗದ ಕೈ. ಸಂಪಾದಿಸಿದ್ದರಲ್ಲಿ ಮುಕ್ಕಾಲು ಕಂತಿಗೆ ಹೋಯಿತು, ಆಮೇಲೆ ಕಂತಿಗೇ ಸಾಲದಾಯಿತು. ಹೆಂಡತಿ ಔಷಧಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದಳು. ಅಡುಗೆ ಕಟ್ಟೆಯ ಮುಂದೆ ನಿಲ್ಲಲು ಅವಳಿಗೇ ಹೊತ್ತಿರಲಿಲ್ಲ.

ಐದಾರು ಕಂತು ತಪ್ಪಿದ ಮೇಲೆ ಗಂಡಹೆಂಡಿರು ಕುಳಿತು ತೀರ್ಮಾನ ಮಾಡಿದರು. ಓಡಿಹೋಗುವುದಿಲ್ಲ. ಮರ್ಯಾದೆಯಿಂದ ಒಪ್ಪಿಸಿ ಬರುವುದು.

ಮುಂಬಾಗಿಲಿನ ಮೂರು, ಕೋಣೆಗಳವು, ಕೆಳಗಿನ ಅಂಚೆ ಪೆಟ್ಟಿಗೆಯದು, ಎಲ್ಲ ಬೀಗದ ಕೈಗಳನ್ನೂ ಅವನು ಉಜ್ಜಿ ಹೊಳೆಯುವಂತೆ ಮಾಡಿದ. ಒಂದೊಂದಕ್ಕೂ ಚೀಟಿ ಕಟ್ಟಿ ಯಾವ ಬಾಗಿಲಿನದೆಂದು ಬರೆದ. ಮನೆ ಗುಡಿಸಿ, ನಲ್ಲಿಗಳನ್ನು ಬಿಗಿದು, ಬೀಗ ಹಾಕಿ, ಬ್ಯಾಂಕಿಗೆ ಹೋಗಿ ಪೆಪ್ಪರಮಿಂಟು ಸಾಹೇಬರ ಮೇಜಿನ ಮೇಲೆ ಸಾಲಾಗಿ ಜೋಡಿಸಿದ.

ಸಾಹೇಬರು ಬಾಯಲ್ಲಿದ್ದ ಪೆಪ್ಪರಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದರು. "ಇಷ್ಟು ವರ್ಷದಲ್ಲಿ ಹೀಗೆ ತಂದುಕೊಟ್ಟೋರು ನೀವೊಬ್ರೇ ನೋಡಿ" ಎಂದರು. ಒಂದು ಸಹಿ ಪಡೆದರು. "ಮುಂದಿನದ್ದು ನಮ್ಮ ಆಫೀಸು ನೋಡ್ಕೊಳ್ಳುತ್ತೆ. ನೀವು ಹೊರಡಿ."

ಅವನು ಹೊರಟ. ಇಳಿಜಾರು ಸೂರಿನ ಇನ್ನೊಂದು ಬಾಡಿಗೆ ಕೋಣೆ ಹಿಡಿದ. ಅಕ್ಕನಿಗೆ, "ತೊಳ್ಕೊಂಡ್ಬಿಟ್ಟೆ ಅಕ್ಕ. ಮನೆ ಹೋಯ್ತು, ಸಾಲಾನೂ ಹೋಯ್ತು" ಎಂದು ಹೇಳಿದ. ಅಕ್ಕ ಅವನ ಬೆನ್ನು ತಟ್ಟಿ, "ಕೈ ಇದೆ, ಕಸುಬಿದೆ. ಮನೆ ಏನು ಮಹಾ" ಎಂದಳು. ಅಂದು ಅವನ ಮುಖ ಹಗುರಾಗಿತ್ತು. ಅಂಗಡಿಯಲ್ಲಿ ಮತ್ತೆ ಹಾಸ್ಯ ಶುರುವಾಯಿತು. ನನ್ನ ಬೀರುವಿನ ಬೀಗ ರಿಪೇರಿ ಮಾಡುತ್ತ, "ಮೇಷ್ಟ್ರೇ, ಸ್ವಂತ ಮನೇಲಿ ಒಂದು ದಿನಾನೂ ಸರಿಯಾಗಿ ನಿದ್ದೆ ಬರಲಿಲ್ಲ. ಈಗ ಬಾಡಿಗೆ ಮನೇಲಿ ಗೊರಕೆ ಹೊಡೀತೀನಿ ಅಂತ ಇವಳು ದೂರು ಹೇಳ್ತಾಳೆ" ಎಂದು ನಕ್ಕ.

ಮರುವರ್ಷ ಅಕ್ಕ ನಿವೃತ್ತಳಾದಳು. ಬಟ್ಟೆ ಕೋಣೆಯವರೆಲ್ಲ ಸೇರಿ ಒಂದು ಕೈಗಡಿಯಾರ ಕೊಟ್ಟರು. ಅವಳು ಗಡಿಯಾರ ಕಟ್ಟಿಕೊಂಡೇ ಲೆಕ್ಕಪತ್ರದ ಕೋಣೆಗೆ ಇಡುಗಂಟು ಕೇಳಲು ಹೋದಳು. ಗುಮಾಸ್ತೆ, ಇಷ್ಟು ವರ್ಷ ಪರಿಚಯವಿದ್ದವಳು, ಕಂಪ್ಯೂಟರ್ ನೋಡಿ, ಅಕ್ಕನ ಮುಖ ನೋಡಿ, ಮತ್ತೆ ಕಂಪ್ಯೂಟರ್ ನೋಡಿದಳು.

"ನಿಮ್ಮ ಹಣಕ್ಕೆ ತಡೆ ಇದೆಯಲ್ಲಕ್ಕ."

"ತಡೆ ಅಂದ್ರೆ? ನಾಳೆ ಬರ್ಲಾ?"

"ನಾಳೆ ಅಲ್ಲ. ನೀವು ಯಾರಿಗೋ ಜಾಮೀನು ನಿಂತಿದ್ರಂತೆ. ಕೋರ್ಟಿಂದ ಬಂದಿದೆ. ಬ್ಯಾಂಕಿಗೆ ಕೊಡೋವರೆಗೂ ನಿಮಗೆ ಕೊಡಬಾರ್ದು ಅಂತ."

ಅಕ್ಕ ಅಲ್ಲಿಂದ ನೇರವಾಗಿ ಅಂಗಡಿಗೆ ನಡೆದು ಬಂದಳು. ನಾನು ಆಗ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಯಂತ್ರ ಕಿರ್ರೆನ್ನುತ್ತಿತ್ತು. ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಬೀಗದಣ್ಣನ ಕೈಯಲ್ಲಿದ್ದ ಬೀಗದ ಕೈಯನ್ನು ಯಂತ್ರ ಪೂರ್ತಿ ಕೊರೆದು ಎರಡು ತುಂಡು ಮಾಡಿತು. ಅವನು ಯಂತ್ರ ನಿಲ್ಲಿಸಲೂ ಇಲ್ಲ. ಚಪ್ಪಲಿ ಅಂಗಡಿಯವನು ಬಂದು ಸ್ವಿಚ್ಚು ಆರಿಸಿದ.

"ನಾನು ಕೀ ಕೊಟ್ಟೆನಲ್ಲಕ್ಕ!" ಎಂದ. "ಎಲ್ಲಾ ಕೀನೂ ಕೊಟ್ಟೆ. ಒಂದೂ ಇಟ್ಕೊಂಡಿಲ್ಲ."

ಇಬ್ಬರೂ ಬ್ಯಾಂಕಿಗೆ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ಎಷ್ಟೋ ಸಲ ಹೇಳಿದ್ದಾನೆ. ಪ್ರತಿ ಸಲವೂ ಮೊದಲ ಸಲ ಕೇಳುತ್ತಿರುವವನಂತೆ ಬೆರಗಾಗಿ ಹೇಳಿದ್ದಾನೆ.

ಅಕ್ಕ ಕುಳಿತುಕೊಳ್ಳದೆ ಕೇಳಿದಳಂತೆ: "ಮನೆ ತಗೊಂಡ್ರಿ. ಮಾರಿದ್ರಿ. ಇನ್ನೇನು ಉಳೀತು?"

"ಸಾಲ ಮನೆ ಮೇಲಲ್ಲಮ್ಮ, ಮನುಷ್ಯರ ಮೇಲೆ. ಮನೆ ಬರೀ ಅಡವು" ಎಂದರು ಸಾಹೇಬರು. ಒರಟಾಗಿಯೇನೂ ಹೇಳಲಿಲ್ಲ. "ಆ ಕಟ್ಟಡದಲ್ಲಿ ಒಂದೇ ಸಲಕ್ಕೆ ಎಷ್ಟೋ ಮನೆ ಹರಾಜಿಗೆ ಬಂದ್ವು. ಕೊಳ್ಳೋರೇ ಇಲ್ಲ. ಕೊಂಡ ಬೆಲೆಯ ಅರ್ಧಕ್ಕಿಂತ ಒಂಚೂರು ಮೇಲೆ ಹೋಯ್ತು. ಉಳಿದದ್ದು ಇವರು ಕೊಡ್ಬೇಕು. ಇವರ ಹತ್ರ ಇಲ್ಲ ಅಂದ್ರೆ ಜಾಮೀನು ಹಾಕಿದೋರು."

"ಇಷ್ಟು ವರ್ಷ ಕಟ್ಟಿದ್ನಲ್ಲ ಸಾಹೇಬ್ರೇ?" ಎಂದ ಬೀಗದಣ್ಣ.

"ಕಟ್ಟಿದ್ದೀರಿ. ಮೊದಲ ವರ್ಷಗಳಲ್ಲಿ ಕಟ್ಟಿದ್ದೆಲ್ಲ ಬಡ್ಡಿಗೇ ಹೋಗತ್ತೆ. ಅಸಲು ಹೆಚ್ಚು ಕಡಿಮೆ ಹಾಗೇ ಇದೆ."

ಅಸಲು ಹಾಗೇ ಇದೆ ಎಂಬ ಮಾತು ಅವನ ತಲೆಗೆ ಇಳಿಯಲೇ ಇಲ್ಲ. ಅವನ ಹೆಂಡತಿ ಕಟ್ಟಿದ ಪೊಟ್ಟಣಗಳು, ಅವನು ತಿನ್ನದೆ ಉಳಿಸಿದ ಮಧ್ಯಾಹ್ನದ ಊಟಗಳು, ಎಲ್ಲ ಸೇರಿ ಸಾಲದ ಮೈಯನ್ನು ಒಂದಿಷ್ಟು ಗೀಚಿದ್ದವು, ಅಷ್ಟೇ.

"ಒಂದು ಮಾತು ನಮಗೆ ತಿಳಿಸಬಾರ್ದಿತ್ತಾ?" ಎಂದಳು ಅಕ್ಕ.

"ಇಬ್ಬರಿಗೂ ನೋಟೀಸು ಹೋಗಿದೆ, ಕೊಟ್ಟ ವಿಳಾಸಕ್ಕೆ."

ಕೊಟ್ಟ ವಿಳಾಸ ಆ ಮೂಲೆ ಮನೆಯದು. ನೋಟೀಸುಗಳೆಲ್ಲ ಕೆಳಗಿನ ಅಂಚೆ ಪೆಟ್ಟಿಗೆಗೆ ಬಿದ್ದಿದ್ದವು. ಅದರ ಬೀಗದ ಕೈಯನ್ನೂ ಅವನು ಚೀಟಿ ಕಟ್ಟಿ ಬ್ಯಾಂಕಿಗೇ ಒಪ್ಪಿಸಿದ್ದ.

ಆಮೇಲೆ ಸಾಹೇಬರು ಖರ್ಚುಗಳನ್ನು ಹೇಳಿದರು. ತಪ್ಪಿದ ಕಂತಿನ ದಂಡ, ಹರಾಜಿನ ಜಾಹೀರಾತು, ಕಾವಲುಗಾರ, ಬೀಗ ತೆರೆದು ಬದಲಿಸಿದ ಕೂಲಿ.

"ಬೀಗ ತೆರೆದಿದ್ದಕ್ಕಾ?" ಬೀಗದಣ್ಣ ಎದ್ದು ನಿಂತ. "ಕೀ ನಿಮ್ಮ ಮೇಜಿನ ಮೇಲೆ ಇಟ್ಟಿದ್ದೆ!"

"ನಿಯಮ ಅಂದ್ರೆ ನಿಯಮ. ಕೀ ಇದ್ರೂ ಬೀಗದವರನ್ನ ಕರೆಸಿ ಹೊಸ ಬೀಗ ಹಾಕಿಸ್ಲೇಬೇಕು. ನಿಮ್ಮನ್ನೇ ಕರೆಯೋದು ಚೆನ್ನಾಗಿರಲ್ಲ ಅಂತ ಬೇರೆಯವರನ್ನ ಕರೆದ್ವಿ. ನೀವು ಮಾಡಿಕೊಟ್ಟಾಗ್ಲೂ ಹೀಗೇ ಅಲ್ವಾ?"

"ನನ್ನ ಕೂಲಿ ಬ್ಯಾಂಕು ಕೊಡ್ತಿತ್ತು."

"ಕೊಡ್ತಿತ್ತು. ಕೊಟ್ಟು ಆ ಮನೆಯವರ ಸಾಲಕ್ಕೆ ಸೇರಿಸ್ತಿತ್ತು."

ಬೀಗದಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ. ಅವನು ತೆರೆದ ಬಾಗಿಲುಗಳೆಲ್ಲ ಆ ಕ್ಷಣ ಕಣ್ಣ ಮುಂದೆ ಬಂದವಂತೆ. ಎಲ್ಲೆಲ್ಲಿ ಬೆನ್ನು ತಿರುಗಿಸಿ ಸಭ್ಯನಾಗಿ ನಿಂತಿದ್ದನೋ ಅಲ್ಲೆಲ್ಲ ಅವನ ಕೂಲಿ ಆ ಗೈರುಹಾಜರಾದ ಜನರ ತಲೆಯ ಮೇಲೆ ಬಿದ್ದಿತ್ತು. ಅವರಿಗೂ ಯಾರೋ ಅಕ್ಕನೋ ಭಾವನೋ ಸಹಿ ಹಾಕಿದ್ದಿರಬೇಕು. "ಆ ಹಣದಲ್ಲಿ ನಾನು ಚಹಾ ಕುಡಿದೆ ಮೇಷ್ಟ್ರೇ" ಎಂದ ಆಮೇಲೆ ನನ್ನೊಡನೆ.

ಅಂದು ಬ್ಯಾಂಕಿನಲ್ಲಿ ಅಕ್ಕನೇ ಮುಂದೆ ಬಂದಳು. ಅಳಲಿಲ್ಲ. "ನನ್ನ ಇಡುಗಂಟಿನಲ್ಲಿ ನನಗೆ ಎಷ್ಟು ಬಿಡ್ತೀರಿ, ಅದನ್ನ ಹೇಳಿ" ಎಂದಳು. ಅನೇಕ ಸಲ ಅಲೆದು, ಮೇಲಿನವರ ಬಳಿ ಹೋಗಿ, ದಂಡವನ್ನು ಬಿಡಿಸಿಕೊಂಡಳು. ಕೊನೆಗೆ ಅವಳ ಕೈಗೆ ಬಂದದ್ದು ಕಾಲು ಭಾಗ. ಅದಕ್ಕೆ ಬೆಳಗಿನ ಬಿಸಿಲಿನ ಕೋಣೆ ಬರುವುದಿಲ್ಲ, ಬಿಸಿಲೇ ಬೀಳದ ಕೋಣೆಯೂ ಬರುವುದಿಲ್ಲ. ಸಾಲುಮನೆ ಬಿಡುವ ಗಡುವು ಮುಗಿದಿತ್ತು.

"ನಮ್ಮ ಜೊತೆ ಬಂದುಬಿಡಿ ಅತ್ತಿಗೆ" ಎಂದು ಬೀಗದಣ್ಣನ ಹೆಂಡತಿ ಅವಳ ಚೀಲ ಹಿಡಿದುಕೊಂಡು ಬೇಡಿದಳು. "ಇರೋದ್ರಲ್ಲೇ ಇರೋಣ."

"ಬೇಡ ಕಣೇ. ಆ ಒಂದು ಕೋಣೇಲಿ ಮೂರು ಜನ ಮಲಗಬಹುದು. ಈ ಜಾಮೀನಿನ ಮಾತು ಮಾತ್ರ ಯಾವತ್ತೂ ಮಲಗಲ್ಲ" ಎಂದಳು ಅಕ್ಕ.

ಬಸ್ ನಿಲ್ದಾಣದ ಎದುರಿನ ವಸತಿಗೃಹವೊಂದರಲ್ಲಿ ಹೊದಿಕೆ ಬದಲಿಸುವ ಕೆಲಸ ಹಿಡಿದಳು. ಅಲ್ಲಿ ಸಂಬಳ ಕಡಿಮೆ, ಆದರೆ ಮೆಟ್ಟಿಲ ಕೆಳಗಿನ ಬಟ್ಟೆ ಕೋಣೆಯಲ್ಲಿ ಮಲಗಲು ಒಂದು ಮಂಚ ಕೊಟ್ಟರು. ಜೀವಮಾನವೆಲ್ಲ ರೋಗಿಗಳ ಹೊದಿಕೆ ಮಡಿಸಿ ಮುಗಿಸಿದ ಹೆಂಗಸು, ಅರವತ್ತು ದಾಟಿದ ಮೇಲೆ ದಾರಿಹೋಕರ ಹೊದಿಕೆ ಮಡಿಸಲು ನಿಂತಳು.

ಬೀಗದಣ್ಣ ತಿಂಗಳ ಕೊನೆಯ ರಜೆಯ ದಿನ ಅಲ್ಲಿಗೆ ಹೋದ. ಏನಾದರೂ ಆಡಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಹೋಗಿದ್ದನಂತೆ. ಅಕ್ಕ ಅವನನ್ನು ಕಂಡ ಕೂಡಲೆ, "ಬಂದ್ಯಾ? ಆ ತುದಿ ಹಿಡ್ಕೋ" ಎಂದು ಒಗೆದು ಆರಿದ ಹೊದಿಕೆಯ ಒಂದು ಕೊನೆಯನ್ನು ಕೈಗಿತ್ತಳು. ಇಬ್ಬರೂ ಎಳೆದು, ಕೊಡವಿ, ಮಡಿಸಿದರು. ಮೂಲೆ ಸರಿಯಾಗಿ ಕೂಡದಿದ್ದಾಗ, "ನೆಟ್ಟಗೆ ಹಿಡಿಯೋ" ಎಂದಳು, ಅಷ್ಟೇ.

ಹೊರಡುವಾಗ ಅವನು ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಅವಳ ಮುಂದೆ ಹಿಡಿದ. ಈ ಅಕ್ಕ ಇಷ್ಟು ವರ್ಷದಲ್ಲಿ ತಮ್ಮನ ಒಂದು ಕಾಸನ್ನೂ ಮುಟ್ಟಿದವಳಲ್ಲ. ಅವನ ಮೊದಲ ಗಳಿಕೆಯನ್ನು ಕೂಡ ನಗುತ್ತ ಅವನ ಜೇಬಿಗೇ ತುರುಕಿ, ನಿನ್ನ ಹತ್ರಾನೇ ಇರ್ಲಿ ಎಂದು ಕಳಿಸಿದ್ದವಳು. ಆ ಮಾತನ್ನು ಕೇಳಲು ಅವನ ಕಿವಿ ಸಿದ್ಧವಾಗಿತ್ತು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ನೋಟುಗಳನ್ನು ತೆಗೆದುಕೊಂಡಳು. ನಿಧಾನವಾಗಿ ಎಣಿಸಿದಳು.

"ಮುಂದಿನ ತಿಂಗಳು ತಡ ಮಾಡ್ಬೇಡ" ಎಂದಳು. ಮೇಲಿನ ಮಹಡಿಯಿಂದ ಯಾರೋ ಕರೆದರು. ಹೊದಿಕೆಗಳನ್ನು ಹೆಗಲಿಗೇರಿಸಿ ಅವಳು ಮೆಟ್ಟಿಲು ಹತ್ತಿದಳು.